ಸದ್ದು ಕೇಳಿಸುತ್ತೆ, ಮಾತು ಗೊತ್ತಾಗಲ್ಲ: ನನ್ನ ಅನುಭವ

"ಸಾಲ ಬರ್ಕೊಳ್ಳಿ" ಅಂದ ಗಿರಾಕಿಗೆ ಹಾಲಿನ ಪ್ಯಾಕೆಟ್ ತೆಗೆದುಕೊಟ್ಟಿದ್ದರಂತೆ. 'ಸಾಲ' ಅನ್ನೋದು 'ಹಾಲು' ಅಂತ ಕೇಳಿಸಿತ್ತು. ಅದೇ ಸಂಜೆ ನನ್ನ ಕಿವಿ ಪರೀಕ್ಷೆಯ ಕ್ಲಿನಿಕ್‌ಗೆ ಬಂದರು. ದಿನಸಿ ಅಂಗಡಿಯವರು, ವಯಸ್ಸು 56ರ ಆಸುಪಾಸು. ಅವರ ತಂದೆಗೂ ಅಜ್ಜಿಗೂ ನಲವತ್ತು ದಾಟಿದ ಮೇಲೆ ಹೀಗೇ ಕಿವಿ ಮಂದವಾಗಿತ್ತು. ಆಡಿಯೋಗ್ರಾಮ್ (ಯಾವ ದನಿ ಎಷ್ಟು ಕೇಳಿಸುತ್ತೆ ಅನ್ನೋ ನಕ್ಷೆ) ದಪ್ಪ ದನಿಯ 500 ಹರ್ಟ್ಸ್‌ನಲ್ಲಿ ಪರವಾಗಿಲ್ಲ, ತೆಳು ದನಿಯ 2000 ದಾಟಿದರೆ ಜಾರುಬಂಡೆ. ಕಿವಿಯ ಮಿಷಿನ್ (ಹಿಯರಿಂಗ್ ಏಡ್) ಹಾಕಿಕೊಂಡೂ 25 ಪದಗಳಲ್ಲಿ 12–13 ಮಾತ್ರ ಸರಿ.

ಮೊದಲು 4000 ಹರ್ಟ್ಸ್ನಲ್ಲಿ ಗೇನ್, ಅಂದರೆ ಮಿಷಿನ್ ಸದ್ದು ದೊಡ್ಡದು ಮಾಡೋ ಪ್ರಮಾಣ, ಏರಿಸಿದೆ. ಕುಂಯ್ ಅನ್ನತೊಡಗಿತು, ಮೂರೇ ದಿನಕ್ಕೆ ಬಿಚ್ಚಿಟ್ಟರು. ಆಮೇಲೆ ತೆಳು ದನಿಯನ್ನು ಕೇಳಿಸುವ ದಪ್ಪ ದನಿಯ ಕಡೆಗೆ ಇಳಿಸುವ ಫ್ರೀಕ್ವೆನ್ಸಿ ಲೋವರಿಂಗ್ ಹಾಕಿದೆ. 'ಸ' ಕೇಳಿಸಿತು, ಆದರೆ 'ಶ'ನೂ 'ಸ'ನೂ ಒಂದೇ ಆಯಿತು. ಸುಮಾರು 40 ಸಾವಿರದ ಮಿಷಿನ್ ಜೋಡಿ ಬಿಟ್ಟು ಒಂದು ಲಕ್ಷ ದಾಟಿದ್ದನ್ನು ಕೊಂಡರು. ಅಂಕ ಅಷ್ಟೇ. ಅವರ ಮಗಳು ನನ್ನೆದುರು ಅತ್ತುಬಿಟ್ಟಳು. ಆ ದುಡ್ಡು ಅವಳ ಚೀಟಿಯದ್ದು.

ಮಿಷಿನ್ ಅಲ್ಲ, ಕಿವಿಗೆ ಅಭ್ಯಾಸ ಬೇಕು ಅಂದೆ. ನನ್ನ ಜೊತೆ ಕೆಲಸ ಮಾಡುವವರು ನಂಬಲಿಲ್ಲ, "ಈ ವಯಸ್ಸಲ್ಲಾ?" ಅಂದರು. ಮಗಳ ದನಿಯಲ್ಲಿ ಕಾಲು–ಸಾಲು–ಹಾಲು–ಪಾಲು, ತಲೆ–ಕಲೆ–ಬಲೆ ರೆಕಾರ್ಡ್ ಮಾಡಿಸಿದೆ. ತಿಂಗಳಲ್ಲಿ ಅವಳ ಮಾತೆಲ್ಲ ಗೊತ್ತಾಗತೊಡಗಿತು, ಗಿರಾಕಿಗಳದ್ದು ಇಲ್ಲ! ತಪ್ಪು ಹೊಳೆದದ್ದು ಆಗ. ಹಾಲಿನವನು, ಪಕ್ಕದ ಟೈಲರ್, ಇಬ್ಬರು ಮಕ್ಕಳು, ಹೀಗೆ ಐದಾರು ದನಿ ಸೇರಿಸಿದೆ. ದಿನಕ್ಕೆ 20 ನಿಮಿಷ, ತಪ್ಪಿದ ಪದ ಕಣ್ಣಿಗೂ ಕಾಣಬೇಕು, ಮತ್ತೆ ಕೇಳಬೇಕು. ಹಿಂದೆ ಗದ್ದಲ ಸೇರಿಸುವ ಲೆಕ್ಕ ಒಂದಿದೆ, ಅದು ನನ್ನ ಹತ್ತಿರವೇ ಇರಲಿ.

ಗದ್ದಲದ ಮೇಲೂ ಸ್ವಲ್ಪ ಆಟ ಆಡಿದೆ. ಫ್ಯಾನು, ಮಿಕ್ಸಿ, ಕುಕ್ಕರ್ ಸೀಟಿ ಎಲ್ಲ ತಡೆದುಕೊಂಡರು. ಹಿಂದೆ ಇಬ್ಬರು ಮಾತಾಡಿದರೆ ಮಾತ್ರ ಕೆಟ್ಟುಹೋಗುತ್ತಿತ್ತು. ಅಂಗಡಿಯಲ್ಲಿ ಇರೋದೇ ಆ ಗದ್ದಲ ಅಲ್ವಾ? ಹಾಗಾಗಿ ಅದನ್ನೇ ಜಾಸ್ತಿ ಹಾಕಿದೆ.

ಹತ್ತು ವಾರದ ಮೇಲೆ ಬೇರೆಯದೇ ಪಟ್ಟಿ ಓದಿದೆ. ಕಲಿಸಿದ ಪದವನ್ನೇ ಕೇಳಿ ಖುಷಿಪಡಬಾರದು. 25ಕ್ಕೆ 19 ಸರಿ! ಅದೇ ಮಿಷಿನ್, ಅದೇ ಕಿವಿ. "ಈ ವಯಸ್ಸಲ್ಲಾ?" ಅಂದವರೇ ಈಗ ರೆಕಾರ್ಡಿಂಗ್ ಕೇಳುತ್ತಿದ್ದಾರೆ.

ವಂಶದಿಂದ ಬಂದದ್ದಕ್ಕೆಲ್ಲ ಇದು ನಡೆಯಲ್ಲ. ಓಏಇ (ಒಳಕಿವಿಯ ಪರೀಕ್ಷೆ) ಚೆನ್ನಾಗಿದ್ದು ಬೆರಾ (ಕಿವಿಯ ನರದ ಪರೀಕ್ಷೆ) ಬರದ ಮಗುವಿಗೆ ನಾನೇ ಮೊದಮೊದಲು ಮಿಷಿನ್ ಕೊಟ್ಟು ಒಂದು ವರ್ಷ ಕಳೆದಿದ್ದೆ. ಆ ಬೇಸರ ಇನ್ನೂ ಹೋಗಿಲ್ಲ. ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ ಸಿಗುವ ಕನೆಕ್ಸಿನ್ 26 ಜೀನ್ ದೋಷದ ಮಕ್ಕಳ ದಾರಿಯೂ ಬೇರೆ. ಅವರ ನರ ಸಾಮಾನ್ಯವಾಗಿ ಚೆನ್ನಾಗಿರುತ್ತೆ, ಬೇಗ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಆದರೆ ಮಾತು ಬರುತ್ತೆ.

ಈ ಮನೆಯದ್ದು ತಲೆಮಾರು ಬಿಡದೆ ಬರುವ ಬಗೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮಗಳಿಗೆ ಈಗ 33. ಹೋದ ತಿಂಗಳು ಪರೀಕ್ಷೆ ಮಾಡಿದೆ. 4000ದಲ್ಲಿ ಗೆರೆ ಇಳಿಯತೊಡಗಿದೆ. ಈ ಸಲ ಅಪ್ಪನೇ ಅವಳಿಗಾಗಿ ಪಟ್ಟಿ ಓದಿ ರೆಕಾರ್ಡ್ ಮಾಡಿಕೊಟ್ಟರು.