ಲಿಫ್ಟಿನೊಳಗೆ ತೂಕದ ಯಂತ್ರ ಇಟ್ಟು ನೋಡಿದೆವು

"ಲಿಫ್ಟ್ ಮೇಲೆ ಹೋಗ್ತಾ ಇರುವಷ್ಟು ಹೊತ್ತೂ ನಮ್ಮನ್ನು ಎತ್ತೋ ಬಲ ನಮ್ಮ ತೂಕಕ್ಕಿಂತ ಜಾಸ್ತಿ ಇರುತ್ತೆ, ಅಲ್ವಾ ಅಪ್ಪಾ?" ಮಗಳು ಕೇಳಿದಳು. ನಾನು ತಕ್ಷಣ ಹೌದು ಅಂದೆ. ಜಾಸ್ತಿ ಇಲ್ಲದಿದ್ದರೆ ಮೇಲೆ ಹೋಗುವುದಾದರೂ ಹೇಗೆ?

ರಾತ್ರಿ ಮಲಗಿದಾಗ ಅನುಮಾನ ಬಂತು. ಬಲ ಜಾಸ್ತಿಯೇ ಇದ್ದರೆ ವೇಗ ಏರುತ್ತಲೇ ಹೋಗಬೇಕು. ಆದರೆ ಲಿಫ್ಟ್ ನಡುದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತದೆ. ಹಾಗಾದರೆ ನಾನು ಹೇಳಿದ್ದು ತಪ್ಪಿರಬೇಕು. ಸುಮ್ನೆ ಬಾಯಲ್ಲಿ ಹೇಳಿ ಒಪ್ಪಿಸುವುದು ಬೇಡ, ಅಳೆದೇ ನೋಡೋಣ ಎಂದುಕೊಂಡೆ.

ಮೊದಲು ಡಿಜಿಟಲ್ ತೂಕದ ಯಂತ್ರ ತೆಗೆದುಕೊಂಡು ಹೋದೆವು. ಅದರಿಂದ ಕೆಲಸ ಆಗಲಿಲ್ಲ. ಅದು ಒಂದು ಅಂಕಿ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ನಮಗೆ ಬೇಕಿದ್ದದ್ದು ಪ್ರತಿ ಕ್ಷಣದ ಬದಲಾವಣೆ. ಹಾಗಾಗಿ ಸ್ಪ್ರಿಂಗ್ ಇರುವ, ಮುಳ್ಳು ತಿರುಗುವ ಹಳೆಯ ಯಂತ್ರ ಹುಡುಕಿದೆ. ನಾನು ಅದರ ಮೇಲೆ ನಿಂತೆ, ಮಗಳು ಫೋನಿನಲ್ಲಿ ಮುಳ್ಳಿನ ವಿಡಿಯೊ ತೆಗೆದಳು. ಲಿಫ್ಟ್ ಹೊರಟಾಗ ಮುಳ್ಳು ಒಮ್ಮೆ ಜಿಗಿದು ಹಿಂದೆ ಮುಂದೆ ಅಲ್ಲಾಡುತ್ತದೆ. ಆ ಮೊದಲ ಜಿಗಿತವನ್ನು ನಂಬಬಾರದು. ವಿಡಿಯೊವನ್ನು ನಿಧಾನವಾಗಿ ಓಡಿಸಿ, ಅದು ಅಲ್ಲಾಡುವ ಜಾಗದ ನಡುವಿನ ಅಂಕಿ ಬರೆದುಕೊಂಡೆವು.

ನಿಂತ ಲಿಫ್ಟಿನಲ್ಲಿ ನನ್ನ ತೂಕ 64 ಕೆ.ಜಿ. ಮೇಲಕ್ಕೆ ಹೊರಟಾಗ 70 ತೋರಿಸಿತು. ಸುಮಾರು ಒಂದೂವರೆ ಸೆಕೆಂಡ್, ಅಷ್ಟೇ. ಆಮೇಲೆ ಮುಳ್ಳು 64ಕ್ಕೇ ಬಂದು ನಿಂತಿತು. ಮಹಡಿಗಳು ಒಂದೊಂದಾಗಿ ದಾಟುತ್ತಿವೆ, ಮುಳ್ಳು ಮಾತ್ರ ನೆಲದ ಮೇಲೆ ನಿಂತಾಗ ತೋರಿಸಿದ್ದನ್ನೇ ತೋರಿಸುತ್ತಿದೆ. ಮಗಳ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಒಂದೇ ವೇಗದಲ್ಲಿ ಮೇಲೇರುವಾಗ ಲಿಫ್ಟಿನ ನೆಲ ನನ್ನನ್ನು ಒತ್ತುವ ಬಲವೂ ಭೂಮಿ ಕೆಳಗೆ ಎಳೆಯುವ ಬಲವೂ ಸಮ. ಹೆಚ್ಚಿನ ಬಲ ಬೇಕಾಗಿದ್ದು ಹೊರಡುವುದಕ್ಕೆ. ಹೋಗುತ್ತಿರುವುದಕ್ಕೆ ಬೇಕಿಲ್ಲ.

ಮೇಲಿನ ಮಹಡಿ ಹತ್ತಿರ ಬಂದಾಗ ಮುಳ್ಳು 58ಕ್ಕೆ ಇಳಿಯಿತು. "ಅಪ್ಪಾ, ಇನ್ನೂ ಮೇಲೇ ಹೋಗ್ತಾ ಇದ್ದೀವಿ! ಕಮ್ಮಿ ಹೇಗಾಯ್ತು?" ಎಂದಳು. ಇಡೀ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ಕ್ಷಣ ಅದು. ಲಿಫ್ಟ್ ವೇಗ ಕಳೆದುಕೊಳ್ಳುತ್ತಿದೆ. ನನ್ನ ವೇಗವೂ ತಗ್ಗಬೇಕಾದರೆ ಕೆಳಕ್ಕೆ ಎಳೆಯುವ ಬಲದ ಕೈ ಮೇಲಾಗಬೇಕು. ಅದಕ್ಕೇ ನೆಲದ ಒತ್ತು ಕಡಿಮೆಯಾಯಿತು. ಇಳಿಯುವಾಗ ಇದೇ ಅಂಕಿಗಳು ತಿರುಗುಮುರುಗು: ಹೊರಡುವಾಗ 58, ನಡುವೆ 64, ನಿಲ್ಲುವಾಗ 70.

ಆಮೇಲೆ ಒಂದು ಆಟ ಮಾಡಿದೆವು. ಒಬ್ಬರು ಕಣ್ಣು ಮುಚ್ಚಿಕೊಳ್ಳಬೇಕು, ಇನ್ನೊಬ್ಬರು ಮುಳ್ಳು ನೋಡಿ ಅಂಕಿ ಹೇಳಬೇಕು. 70 ಎಂದರೆ ಲಿಫ್ಟ್ ಮೇಲಕ್ಕೆ ಹೊರಟಿದೆಯೋ, ಕೆಳಗೆ ಬಂದು ನಿಲ್ಲುತ್ತಿದೆಯೋ? ಬರೀ ಅಂಕಿಯಿಂದ ಹೇಳಲಿಕ್ಕೆ ಆಗುವುದಿಲ್ಲ. 64 ಎಂದರೆ ನಿಂತಿದೆಯೋ, ಓಡುತ್ತಿದೆಯೋ ಅದೂ ಗೊತ್ತಾಗುವುದಿಲ್ಲ. ಮುಳ್ಳಿಗೆ ತಿಳಿಯುವುದು ವೇಗದ ಬದಲಾವಣೆ ಒಂದೇ. ಅದನ್ನೇ ಪಾಠದಲ್ಲಿ ವೇಗೋತ್ಕರ್ಷ ಎನ್ನುತ್ತಾರೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಎರಡನೇ ನಿಯಮ ಬಲವನ್ನು ಜೋಡಿಸಿರುವುದು ಇದರ ಜೊತೆಗೇ.

ನನ್ನ ಮೊದಲ ತಪ್ಪು ಉತ್ತರ ಬಹಳ ಹಳೆಯದು. ಚಲಿಸುತ್ತಿರಬೇಕಾದರೆ ಏನಾದರೂ ತಳ್ಳುತ್ತಲೇ ಇರಬೇಕು ಎಂದು ಅರಿಸ್ಟಾಟಲ್ ಕೂಡ ನಂಬಿದ್ದ. ದಿನಾ ಕಣ್ಣಿಗೆ ಕಾಣುವುದೂ ಹಾಗೇ ತಾನೇ? ಮೇಜನ್ನು ತಳ್ಳುವುದು ಬಿಟ್ಟರೆ ಅದು ನಿಲ್ಲುತ್ತದೆ. ಅದನ್ನು ನಿಲ್ಲಿಸುವುದು ನೆಲದ ಘರ್ಷಣೆ. ನಾವು ತಳ್ಳುತ್ತಾ ಇರುವುದು ಆ ಘರ್ಷಣೆಯನ್ನು ಸರಿದೂಗಿಸಲಿಕ್ಕೆ.

ಲೆಕ್ಕವೂ ಕೂಡಿಬರುತ್ತದೆಯೇ ಎಂದು ನೋಡುವ ಆಸೆಯಾಯಿತು. ಯಂತ್ರದ ಮೇಲೆ ಕೆ.ಜಿ. ಎಂದು ಬರೆದಿದ್ದರೂ ಅದು ನಿಜವಾಗಿ ಅಳೆಯುವುದು ಪಾದದ ಕೆಳಗಿನ ಒತ್ತನ್ನು. ಬಲವನ್ನು ಅಳೆಯುವ ಮಾನದ ಹೆಸರೂ ನ್ಯೂಟನ್; ಒಂದು ಕೆ.ಜಿ.ಯನ್ನು ಭೂಮಿ ಎಳೆಯುವ ಬಲ ಸುಮಾರು 9.8 ನ್ಯೂಟನ್. ಹಾಗಾಗಿ ಜಾಸ್ತಿ ತೋರಿಸಿದ 6 ಕೆ.ಜಿ.ಯನ್ನು 9.8ರಿಂದ ಗುಣಿಸಿದರೆ ಸುಮಾರು 59 ನ್ಯೂಟನ್. ಅದನ್ನು 64ರಿಂದ ಭಾಗಿಸಿದರೆ 0.92. ಅಂದರೆ ಲಿಫ್ಟಿನ ವೇಗ ಪ್ರತಿ ಸೆಕೆಂಡಿಗೆ 0.92 ಮೀಟರಿನಷ್ಟು ಏರುತ್ತಿತ್ತು. ವಿಡಿಯೊದಲ್ಲಿ ಈ ಏರಿಕೆ 1.6 ಸೆಕೆಂಡ್ ಇತ್ತು. ಹಾಗಾದರೆ ನಡುದಾರಿಯ ವೇಗ ಸೆಕೆಂಡಿಗೆ ಸುಮಾರು 1.5 ಮೀಟರ್ ಬರಬೇಕು. ಮೆಟ್ಟಿಲು ಎಣಿಸಿದೆವು. 15 ಸೆಂಟಿಮೀಟರ್ ಎತ್ತರದ 20 ಮೆಟ್ಟಿಲು, ಒಂದು ಮಹಡಿಗೆ 3 ಮೀಟರ್. ಲಿಫ್ಟ್ ಒಂದು ಮಹಡಿ ದಾಟಲು ತೆಗೆದುಕೊಂಡದ್ದು 2 ಸೆಕೆಂಡ್. ಸರಿಯಾಗಿ 1.5! ಸ್ಪ್ರಿಂಗಿನ ಮುಳ್ಳೊಂದು ಲಿಫ್ಟಿನ ವೇಗ ಹೇಳಿತಲ್ಲ ಎಂದು ಇಬ್ಬರೂ ಮೆಟ್ಟಿಲ ಮೇಲೆ ನಿಂತೇ ಖುಷಿಪಟ್ಟೆವು.

ಯಂತ್ರ ಸಿಗದವರು ಫೋನಿನ ವೇಗೋತ್ಕರ್ಷ ಸೆನ್ಸರಿನಿಂದಲೂ ಮಾಡಬಹುದು. ಅದರ ಅಂಕಿ ತೋರಿಸುವ ಆ್ಯಪ್‌ಗಳಿವೆ. ಮೇಜಿನ ಮೇಲೆ ಸುಮ್ನೆ ಇಟ್ಟ ಫೋನ್ ಸೊನ್ನೆ ತೋರಿಸದೆ 9.8 ತೋರಿಸುತ್ತದೆ. ಯಾಕೆಂದರೆ ಅದಕ್ಕೆ ತಿಳಿಯುವುದೂ ಮೇಜಿನ ಒತ್ತೇ. ನಮ್ಮ ಲಿಫ್ಟಿನ ನೆಲದ ಮೇಲೆ ಇಟ್ಟಾಗ ಮೇಲೆ ಹೊರಡುವಾಗ ಸುಮಾರು 10.7, ಇಳಿಯಲು ಹೊರಡುವಾಗ 8.9 ಬಂತು.

ಒತ್ತೇ ಇಲ್ಲದಿದ್ದರೆ? ಮಗಳು ಒಂದು ಮೀಟರ್ ಎತ್ತರದಿಂದ ಫೋನನ್ನು ದಪ್ಪ ಹಾಸಿಗೆಯ ಮೇಲೆ ಬಿಟ್ಟಳು. ತೆರೆಯ ಮೇಲಿನ ಗೆರೆ ಸೊನ್ನೆಯ ಹತ್ತಿರಕ್ಕೆ ಇಳಿದು, ಸುಮಾರು 0.45 ಸೆಕೆಂಡ್ ಅಲ್ಲೇ ಇದ್ದು, ಹಾಸಿಗೆಗೆ ತಾಗಿದಾಗ ಸರ್ರನೆ ಮೇಲೆದ್ದಿತು. ಒಂದು ಮೀಟರ್ ಬೀಳಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ.