ಸಾಸಿವೆ, ಹುಣಸೆಬೀಜ, ಒಂದು ಮೊಳ ಹಗ್ಗ: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಪಾಠ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಲು ಹೊರಡುವ ಕ್ರೈಸ್ತ ಕುಟುಂಬಗಳು ಸಾಮಾನ್ಯವಾಗಿ ಎಡವುವುದು ಮೊದಲ ವಾರದಲ್ಲೇ. ಎಂಟು ಗಂಟೆಗೆ ಸತ್ಯವೇದ, ಒಂಬತ್ತಕ್ಕೆ ಕನ್ನಡ, ಹತ್ತಕ್ಕೆ ಗಣಿತ ಅಂತ ಶಾಲೆಯ ವೇಳಾಪಟ್ಟಿಯನ್ನೇ ಗೋಡೆಗೆ ಅಂಟಿಸಿಬಿಡುತ್ತಾರೆ. ಹದಿನೈದು ದಿನಕ್ಕೆ ಮಗುವೂ ಸುಸ್ತು, ಅಮ್ಮನೂ ಸುಸ್ತು. ಈ ವಯಸ್ಸಿನಲ್ಲಿ ವಿಷಯಗಳು ಬೇರೆ ಬೇರೆ ಇರುವುದಿಲ್ಲ. ಕೈಗೆ ಒಂದು ವಸ್ತು ಕೊಡಿ. ಅದರಲ್ಲೇ ವೇದವಾಕ್ಯ, ಲೆಕ್ಕ, ಅಕ್ಷರ ಮೂರೂ ಇರುತ್ತವೆ. ದಿನಕ್ಕೆ ಒಂದೂವರೆ ಗಂಟೆ ಸಾಕು, ಅದನ್ನೂ ಹದಿನೈದು-ಇಪ್ಪತ್ತು ನಿಮಿಷದ ತುಂಡು ಮಾಡಿಕೊಳ್ಳಿ. ಬೆಳಗಿನ ಕುಟುಂಬ ಪ್ರಾರ್ಥನೆಯ ಬೆನ್ನಿಗೇ ಶುರು ಮಾಡಿದರೆ ಮಗುವನ್ನು ಮತ್ತೆ ಕರೆದು ಕೂರಿಸುವ ಕೆಲಸ ತಪ್ಪುತ್ತದೆ.

ಮೊದಲು ಸಾಸಿವೆ. ಭಾಗ ಮತ್ತಾಯ 13:31–32. ಬೇಕಾದದ್ದು ಅಡುಗೆಮನೆಯ ಕರಿ ಸಾಸಿವೆ 20 ಕಾಳು, ಒಂದು ಸ್ಟೀಲ್ ತಟ್ಟೆ, ಮುಚ್ಚಲು ಇನ್ನೊಂದು, ಹಳೇ ಪಂಚೆಯ ತುಂಡು. ಮಗುವಿನ ಅಂಗೈಯಲ್ಲಿ ಒಂದೇ ಒಂದು ಕಾಳು ಇಟ್ಟು ಆ ಎರಡು ವಚನ ಓದಿ. ಅಷ್ಟೇ, ಅರ್ಥ ವಿವರಿಸಲು ಹೋಗಬೇಡಿ. ಗಿಡವನ್ನೇ ಕಾಣದ ಮಗುವಿಗೆ ಮೊದಲ ದಿನವೇ ‘ದೇವರ ರಾಜ್ಯ ಹೀಗೇ ಬೆಳೆಯುತ್ತದೆ’ ಅಂದರೆ ಅದು ಬರೀ ಮಾತು. ಹತ್ತು ದಿನ ತಡೆದರೆ ಮಗುವೇ ಕೇಳುತ್ತದೆ.

ಬಟ್ಟೆಯನ್ನು ಎರಡು ಮಡಿಕೆ ಮಾಡಿ ನೆನೆಸಿ, ಹಿಂಡಿ, ತಟ್ಟೆಯಲ್ಲಿ ಹಾಸಿ. ಪುಟ್ಟ ಬೆರಳಿಗೆ ಸಾಸಿವೆ ಸಿಕ್ಕುವುದಿಲ್ಲ, ಜಾರುತ್ತದೆ. ತೋರುಬೆರಳನ್ನು ನೀರಿಗೆ ಅದ್ದಿ ಕಾಳಿನ ಮೇಲೆ ಒತ್ತಲು ಹೇಳಿ, ಕಾಳು ಬೆರಳಿಗೆ ಅಂಟಿಕೊಂಡು ಬರುತ್ತದೆ. ಬಟ್ಟೆಯ ಮೇಲೆ ಒಂದೊಂದು ಬೆರಳಿನ ಅಂತರದಲ್ಲಿ, ಸಾಲಿಗೆ ಐದರಂತೆ ನಾಲ್ಕು ಸಾಲು. ಎಣಿಕೆ ಅಲ್ಲೇ ಆಯಿತು. ಎರಡು ದಿನ ಮುಚ್ಚಿಡಿ. ಬೆಳಗ್ಗೆ, ಸಂಜೆ ನೀರು ಚಿಮುಕಿಸಿ. ತಟ್ಟೆ ಓರೆ ಮಾಡಿದರೆ ನೀರು ಹರಿಯಬಾರದು, ಹರಿದರೆ ಜಾಸ್ತಿಯಾಗಿದೆ, ಚೆಲ್ಲಿ.

ಕಾಳಿನ ಸುತ್ತ ಲೋಳೆ ಬಂದರೆ ಹೆದರಬೇಡಿ, ಸಾಸಿವೆಯ ಸ್ವಭಾವವೇ ಅದು. ಮೂರನೇ ದಿನದ ಹೊತ್ತಿಗೆ ಬೇರಿನ ಸುತ್ತ ಬಿಳಿ ನವಿರು ಕಾಣಿಸುತ್ತದೆ. ಬೂಷ್ಟು ಹಿಡಿಯಿತು ಅಂತ ತಟ್ಟೆಯನ್ನೇ ಎಸೆಯುವವರು ಬಹಳ. ನೀರು ಚಿಮುಕಿಸಿ ನೋಡಿ. ನವಿರು ಬೇರಿಗೆ ಅಂಟಿ ಮಾಯವಾದರೆ ಅದು ಬೇರುರೋಮ. ಮಾಯವಾಗದೆ ಕಾಳಿಂದ ಕಾಳಿಗೆ ಬಲೆಯಂತೆ ಹಬ್ಬಿ, ವಾಸನೆ ಬಂದರೆ ಮಾತ್ರ ಬೂಷ್ಟು. ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಬರುತ್ತದೆ, ಆಗ ಒಂದೇ ಹೊತ್ತು ನೀರು ಸಾಕು. ಕಲಬುರಗಿಯ ಬೇಸಿಗೆಯಲ್ಲಿ ಮೂರು ಹೊತ್ತೂ ಬೇಕು. ಐದು ದಿನವಾದರೂ ಒಂದೂ ಮೊಳೆಯದಿದ್ದರೆ ಸಾಸಿವೆ ಹಳತು, ಅಂಗಡಿಯಿಂದ ಹೊಸದು ತನ್ನಿ.

ಪ್ರತಿ ಸಂಜೆ ಮೊಳೆತವೆಷ್ಟು ಎಂದು ಎಣಿಸಿ ಪುಸ್ತಕದಲ್ಲಿ ಗೆರೆ ಹಾಕಿಸಿ. 20ರಲ್ಲಿ 17 ಎದ್ದಿದ್ದರೆ ಇನ್ನೆಷ್ಟು ಮಲಗಿವೆ? ಕಳೆಯುವ ಲೆಕ್ಕ ತಟ್ಟೆಯಲ್ಲೇ ಕಣ್ಣಿಗೆ ಕಾಣುತ್ತದೆ. ಮೂರನೇ ದಿನ ಮುಚ್ಚಳ ತೆಗೆದು ಕಿಟಕಿಯ ಬಳಿ ಇಡಿ. ಇಲ್ಲದಿದ್ದರೆ ಸಸಿ ಹಳದಿಯಾಗಿ ನೀಳವಾಗಿ ಸೊರಗುತ್ತದೆ. ಅದನ್ನೂ ತೋರಿಸಬೇಕೆಂದರೆ ಬೇರೆ ತಟ್ಟೆಯಲ್ಲಿ ಐದು ಕಾಳನ್ನು ಮುಚ್ಚಿಯೇ ಬಿಡಿ.

ನಾಲ್ಕೈದು ಸಸಿಗಳನ್ನು ಕುಂಡಕ್ಕೆ ವರ್ಗಾಯಿಸಿ ಬಿಸಿಲಿಗೆ ಇಡಿ. ‘ಇದು ಮರ ಆಗಲೇ ಇಲ್ಲವಲ್ಲಾ ಅಮ್ಮಾ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನುಣುಚಿಕೊಳ್ಳದೆ ಇದ್ದದ್ದನ್ನು ಇದ್ದಂತೆ ಹೇಳಿ: ಕುಂಡದಲ್ಲಿ ಬೇರಿಗೆ ಜಾಗ ಕಡಿಮೆ, ಯೇಸುಸ್ವಾಮಿ ಓಡಾಡಿದ ನಾಡಿನಲ್ಲಿ ಕರಿ ಸಾಸಿವೆ ಒಳ್ಳೆಯ ನೆಲ ಸಿಕ್ಕರೆ ಅಪ್ಪನಿಗಿಂತ ಎತ್ತರ ಬೆಳೆಯುತ್ತದೆ. ಸುಮಾರು ಒಂದೂವರೆ ತಿಂಗಳಿಗೆ ಹಳದಿ ಹೂ ಬರುತ್ತದೆ. ಎಸಳು ಎಣಿಸಲು ಹೇಳಿ. ನಾಲ್ಕು, ಎದುರುಬದುರು, ಶಿಲುಬೆಯ ಆಕಾರದಲ್ಲಿ. ಈ ಸಸ್ಯಕುಟುಂಬಕ್ಕೆ ವಿಜ್ಞಾನಿಗಳು ಇಟ್ಟಿದ್ದ ಹಳೆಯ ಲ್ಯಾಟಿನ್ ಹೆಸರು ‘ಕ್ರೂಸಿಫೆರೆ’, ಅಂದರೆ ಶಿಲುಬೆ ಹೊತ್ತದ್ದು. ಮೂಲಂಗಿ, ಎಲೆಕೋಸು ಕೂಡ ಇದೇ ಮನೆತನದವು.

ಎಣಿಕೆಗೆ ಹುಣಸೆಬೀಜಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತೊಳೆದು ಒಣಗಿಸಿದ 100 ಬೀಜ, ಹತ್ತು ಚಹಾ ಲೋಟ. ಲೂಕ 15ರ ಕಳೆದುಹೋದ ಕುರಿಯ ಸಾಮ್ಯ ಓದಿ, ಲೋಟಕ್ಕೆ ಹತ್ತರಂತೆ ಕುರಿಗಳನ್ನು ಹಟ್ಟಿಗೆ ಸೇರಿಸಿ. ಮಗು ಕಣ್ಣು ಮುಚ್ಚಿದಾಗ ಒಂದು ಬೀಜ ಬಚ್ಚಿಡಿ. ಯಾವ ಹಟ್ಟಿಯಲ್ಲಿ ಕಡಿಮೆ ಎಂದು ಹುಡುಕುವಷ್ಟರಲ್ಲಿ ಬಿಡಿ, ಹತ್ತು, ನೂರರ ಸ್ಥಾನ ತಲೆಗೆ ಕೂರುತ್ತದೆ. ಲೋಟವಿಲ್ಲದೆ ನೂರನ್ನೂ ರಾಶಿ ಹಾಕಿ ಎಣಿಸಲು ಕೂರಿಸಿದರೆ ಐದು ವರ್ಷದ ಮಗು ಮೂವತ್ತರ ಆಸುಪಾಸಿನಲ್ಲಿ ದಾರಿ ತಪ್ಪುತ್ತದೆ. ‘ತೊಂಬತ್ತೊಂಬತ್ತು’ ನಾಲಿಗೆಗೆ ಕಷ್ಟ. ಎಂಬತ್ತು, ತೊಂಬತ್ತು ಕಲಸುಮೇಲೋಗರ ಆಗುವುದೂ ಸಹಜ, ಹತ್ತತ್ತರ ಲೋಟ ಜರುಗಿಸುತ್ತಾ ಗಟ್ಟಿಯಾಗಿ ಹೇಳಿಸಿ. ಮೂರು ವರ್ಷಕ್ಕಿಂತ ಚಿಕ್ಕ ತಮ್ಮ ತಂಗಿ ಮನೆಯಲ್ಲಿದ್ದರೆ ಬೀಜದ ಆಟ ಅವರು ಮಲಗಿದಾಗ ಮಾತ್ರ. ಸಾಸಿವೆ, ಹುಣಸೆಬೀಜ ಮೂಗಿಗೆ, ಬಾಯಿಗೆ ಹೋಗಲು ಒಂದು ಕ್ಷಣ ಸಾಕು.

ನೋಹನ ನಾವೆಗೆ ಒಂದು ಇಡೀ ವಾರ ಕೊಡಿ. ಆದಿಕಾಂಡ 6:15ರ ಅಳತೆ ಉದ್ದ 300 ಮೊಳ, ಅಗಲ 50, ಎತ್ತರ 30. ಮೊಳ ಕನ್ನಡದ ಮಕ್ಕಳಿಗೆ ಹೊಸದಲ್ಲ, ಹೂವಾಡಗಿತ್ತಿ ಇವತ್ತಿಗೂ ಮಲ್ಲಿಗೆ ಅಳೆಯುವುದು ಹಾಗೆಯೇ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅಪ್ಪನ ಕೈಯಲ್ಲಿ ಹತ್ತು ಮೊಳ ಹಗ್ಗ ಅಳೆದು ಗಂಟು ಹಾಕಿ. ಅದೇ ಹಗ್ಗವನ್ನು ಮಗು ಅಳೆದರೆ ಹದಿನೈದರ ಸುತ್ತ ಬರುತ್ತದೆ. ‘ಹಾಗಾದರೆ ಯಾರ ಮೊಳ ಸರಿ?’ ಎಂಬ ಪ್ರಶ್ನೆ ಎದ್ದಾಗಲೇ ಸ್ಕೇಲ್ ಕೈಗೆ ಕೊಡಬೇಕು, ಅದಕ್ಕೂ ಮೊದಲಲ್ಲ.

ಹತ್ತು ಮೊಳಕ್ಕೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ ನಾವೆ 30 × 5 × 3 ಸೆಂ.ಮೀ. ಆಗುತ್ತದೆ. ಉದ್ದ ಸರಿಯಾಗಿ ಒಂದು ಸ್ಕೇಲಿನಷ್ಟು! ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯನ್ನು 36 × 11 ಸೆಂ.ಮೀ. ಕತ್ತರಿಸಿ ನಾಲ್ಕೂ ಕಡೆ 3 ಸೆಂ.ಮೀ. ಮಡಚಿ. ಮೂಲೆಗಳನ್ನು ಕತ್ತರಿಸಬೇಡಿ, ಅಲ್ಲೇ ನೀರು ನುಗ್ಗುವುದು. ಲಕೋಟೆಯಂತೆ ಒಳಕ್ಕೆ ಮಡಚಿ, ಮೇಲಂಚಿಗೆ ಸ್ಟೇಪಲ್ ಹೊಡೆಯಿರಿ. ನೋಹ ಒಳಗೂ ಹೊರಗೂ ರಾಳ ಬಳಿದ ಹಾಗೆ ಮಗು ಒಳಗೂ ಹೊರಗೂ ಮೇಣದಬತ್ತಿ ಉಜ್ಜಲಿ, ಮಡಿಕೆಯ ಗೆರೆಗಳ ಮೇಲೆ ಎರಡೆರಡು ಸಲ. ಬಕೆಟ್ ಸಣ್ಣದಾಗುತ್ತದೆ, ಅಗಲದ ಟಬ್ಬಿನಲ್ಲಿ ತೇಲಿಸಿ. ಚಮಚ ಚಮಚವಾಗಿ ರಾಗಿ ತುಂಬಿ. ಒಂದೇ ತುದಿಗೆ ಸುರಿದರೆ ಮುಳುಗುತ್ತದೆ, ಹರಡಿದರೆ ಎಷ್ಟೋ ಚಮಚ ತಾಳುತ್ತದೆ. ಸಂಡೇ ಸ್ಕೂಲಿನ ಚಿತ್ರದಲ್ಲಿ ಕಂಡ ಗುಂಡಗಿನ ದೋಣಿಗೂ ಈ ನೀಳ ಪೆಟ್ಟಿಗೆಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಗುರುತಿಸುತ್ತಾರೆ.

ಅಕ್ಷರಕ್ಕೆ ಅದೇ ರಾಗಿ. ಅಂಚಿರುವ ತಟ್ಟೆಯಲ್ಲಿ ಒಂದು ಲೋಟ ತೆಳ್ಳಗೆ ಹರಡಿದರೆ ಬೆರಳಾಡಿದಲ್ಲಿ ಸ್ಟೀಲ್ ಹೊಳೆಯುತ್ತದೆ. ಅ ಆ ಇ ಈ ಬದಲು ನಮ್ಮ ಒಂದನೇ ತರಗತಿಯ ಪುಸ್ತಕದ ಕ್ರಮ ಹಿಡಿಯಿರಿ: ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ‘ಅರಸ’ ಬಂತು, ದಾವೀದನ ಕಥೆಗೆ ಆಯಿತು. ‘ಗರಗಸ’ ಬಂತು, ನೋಹನ ಕೈಗೆ ಆಯಿತು.

ಕಂಠಪಾಠ ವಾರಕ್ಕೆ ಒಂದೇ ವಚನ. ಹಳೆಯ ಅನುವಾದದಲ್ಲಿ ಕೀರ್ತನೆ 23ರ ‘ಕೊರತೆಪಡೆನು’ ಮಕ್ಕಳಿಗೆ ಗೊಂದಲ, ‘ಪಡೆಯುತ್ತೇನೆ’ ಅಂತಲೇ ತಿಳಿಯುತ್ತಾರೆ. ‘ಮಾಡೆನು, ಹೋಗೆನು, ಬಿಡೆನು’ ಎನ್ನುತ್ತಾ ತಲೆ ಅಲ್ಲಾಡಿಸುವ ಆಟ ಆಡಿಸಿದರೆ ಆ ರೂಪ ಒಂದೇ ದಿನಕ್ಕೆ ಕೈವಶ.

ಕೊನೆಗೆ ಕಾಗದಪತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುವುದರಿಂದ ಆರು ತುಂಬುವ ಮೊದಲೇ ಮುಂದಿನ ದಾರಿ ಯೋಚಿಸಿಡಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಓಎಸ್‌ನ ಮುಕ್ತ ಮೂಲಶಿಕ್ಷಣದಲ್ಲಿ ‘ಎ’ ಹಂತ 3ನೇ ತರಗತಿಗೆ, ‘ಬಿ’ 5ಕ್ಕೆ, ‘ಸಿ’ 8ಕ್ಕೆ ಸಮ. ಹತ್ತನೆಯ ಪರೀಕ್ಷೆಗೆ ಸೇರಲು 14 ತುಂಬಿರಬೇಕು. ಸಾಸಿವೆಯ ಗೆರೆಪುಸ್ತಕ, ನಾವೆಯ ಫೋಟೊ, ಮಗು ಬರೆದ ಮೊದಲ ‘ಅರಸ’, ಎಲ್ಲದಕ್ಕೂ ಹಿಂಬದಿಯಲ್ಲಿ ತಾರೀಕು ಬರೆದು ಒಂದೇ ಫೈಲಿನಲ್ಲಿಡಿ. ಮುಂದೆ ಶಾಲೆಗೆ ಸೇರಿಸುವುದಾದರೆ ಮುಖ್ಯೋಪಾಧ್ಯಾಯರಿಗೆ ತೋರಿಸಲು ನಿಮ್ಮ ಕೈಯಲ್ಲಿರುವುದು ಅದೇ.