ಸೀಳು ತುಟಿ, ಸೀಳು ಅಂಗಳದ ಮಕ್ಕಳ ಹಲ್ಲು: ಮೊದಲ ಹಲ್ಲಿನಿಂದಲೇ ಉಜ್ಜಿ

ಹೊಸನಗರ, ತೀರ್ಥಹಳ್ಳಿ ಕಡೆಯವರು ಯಾರ ಮನೆಯಲ್ಲಾದರೂ ಸೀಳು ತುಟಿ ಅಥವಾ ಸೀಳು ಅಂಗಳದ (ಹುಟ್ಟುವಾಗಲೇ ಬಾಯಿಯೊಳಗಿನ ಮೇಲ್ಭಾಗ ಸೀಳಿರುವ) ಮಗು ಇದ್ದರೆ ದಯವಿಟ್ಟು ಇದನ್ನು ಓದಿ. ಈ ಮಕ್ಕಳಿಗೆ ಹಲ್ಲು ಹುಳುಕಾಗುವುದು ಜಾಸ್ತಿ. ಸೀಳಿನ ಅಕ್ಕಪಕ್ಕದ ಹಲ್ಲುಗಳು ಓರೆಯಾಗಿ ಬರುತ್ತವೆ, ಕೆಲವಕ್ಕೆ ಹಲ್ಲಿನ ಹೊರಪದರ, ಅಂದರೆ ಎನಾಮಲ್ಲೇ ಗಟ್ಟಿ ಇರುವುದಿಲ್ಲ. ಆಪರೇಷನ್ ಆದ ತುಟಿ ಬಿಗಿಯಾಗಿರುತ್ತದೆ, ನೋವಾದೀತು ಅಂತ ಮನೆಯವರು ಅಲ್ಲಿಗೆ ಬ್ರಷ್ ತಾಗಿಸುವುದೇ ಇಲ್ಲ, ಹುಳುಕು ಶುರುವಾಗುವುದೂ ಅಲ್ಲೇ.

ಗಾಯ ಒಣಗಿ ಡಾಕ್ಟರ್ ಸರಿ ಅಂದ ಮೇಲೆ ಹೆದರಬೇಡಿ. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು, ಬೆರಳಿನಿಂದ ತುಟಿಯನ್ನು ಮೆಲ್ಲಗೆ ಎತ್ತಿ, ಚಿಕ್ಕ ತಲೆಯ ಮೆದು ಬ್ರಷ್‌ನಿಂದ ಸೀಳಿನ ಪಕ್ಕದ ಹಲ್ಲನ್ನೂ ಉಜ್ಜಿ. ಫ್ಲೋರೈಡ್ ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಸಾಕು. ದಿನಕ್ಕೆ 2 ಸಲ, ರಾತ್ರಿಯದ್ದಂತೂ ತಪ್ಪಿಸಲೇಬೇಡಿ.

ತೂಕ ಬರಲಿ ಅಂತ ಸಕ್ಕರೆ ಹಾಲಿನ ಬಾಟಲಿ ಬಾಯಿಗಿಟ್ಟು ಮಲಗಿಸಬೇಡಿ. ಜೋನಿ ಬೆಲ್ಲ ದೋಸೆ ಜೊತೆಗಿರಲಿ, ಆಗಾಗ ನೆಕ್ಕಿಸುವುದು ಬೇಡ.

ಹಾಲುಹಲ್ಲು ಹೇಗೂ ಬೀಳುತ್ತದಲ್ವಾ ಅಂತ ಸುಮ್ನೆ ಇರಬೇಡಿ. ವಸಡಿನಲ್ಲೂ ಸೀಳಿದ್ದರೆ 8-10 ವರ್ಷದ ಹೊತ್ತಿಗೆ ಅಲ್ಲಿ ಮೂಳೆ ಕೂರಿಸುವ ಆಪರೇಷನ್ ಬೇಕಾಗಬಹುದು, ಆಗ ಬಾಯಿಯಲ್ಲಿ ಹುಳುಕು, ಕೀವು ಇರಬಾರದು. ಮಗುವಿಗೆ 1 ವರ್ಷ ತುಂಬುವುದರೊಳಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿ, ಹುಳುಕು ತಡೆಯಲು ಹಲ್ಲಿಗೆ ಬಳಿಯುವ ಲೇಪ, ಫ್ಲೋರೈಡ್ ವಾರ್ನಿಶ್ ಹಚ್ಚುವ ಬಗ್ಗೆಯೂ ಕೇಳಿ.